ಹೇಳಿಕೊಡುವ ದನಿ

ನಮ್ಮ ಊರಿನಲ್ಲಿ ವೇದಿಕೆಯ ಮೇಲೆ ಹಾಡಿದ್ದು, ಆಡಿದ್ದು ತಾನಾಗಿ ಹೋಗುವುದಿಲ್ಲ. ಯಾರಾದರೂ ಅದರ ಬಗ್ಗೆ ಬರೆದು, ಬರೆದದ್ದು ಪತ್ರಿಕೆಯಲ್ಲಿ ಅಚ್ಚಾಗಿ, ಅದನ್ನು ಅದೇ ಜಾಗದಲ್ಲಿ ನಿಂತು ಗಟ್ಟಿಯಾಗಿ ಓದುವವರೆಗೂ ಅಲ್ಲೇ ಕೇಳಿಸುತ್ತ ಇರುತ್ತದೆ. ಮನೆಯಲ್ಲಿ, ಬೀದಿಯಲ್ಲಿ, ಸಂತೆಯಲ್ಲಿ ಆಡಿದ ಮಾತು ಎಲ್ಲ ಊರುಗಳಲ್ಲಿ ಹೋಗುವ ಹಾಗೆ ಹೋಗುತ್ತದೆ, ಅದಕ್ಕೆ ತಕರಾರಿಲ್ಲ. ವೇದಿಕೆಯದ್ದನ್ನು ಮಾತ್ರ ಬರೆದು ಕಳಿಸಬೇಕು. ಹಾಗೆ ಬರೆದು ಕಳಿಸುವುದು ನನ್ನ ಉದ್ಯೋಗ. ಪತ್ರಿಕೆಯವರು ನನ್ನನ್ನು ಹವ್ಯಾಸಿ ಪತ್ರಕರ್ತೆ ಎನ್ನುತ್ತಾರೆ. ಇಪ್ಪತ್ತೊಂದು ವರ್ಷ ಬೇರೆ ಯಾವ ಕೆಲಸವನ್ನೂ ಮಾಡದೆ ಇದನ್ನೇ ಮಾಡಿಕೊಂಡು ಬಂದವಳ ಕೆಲಸಕ್ಕೆ ಹವ್ಯಾಸ ಎಂದು ಹೆಸರಿಟ್ಟ ಪುಣ್ಯಾತ್ಮನನ್ನು ಒಮ್ಮೆ ಭೇಟಿಯಾಗುವ ಆಸೆ ಇದೆ.

ಯಾವ ಪತ್ರಿಕೆಗೂ ನಾನು ನೌಕರಳಲ್ಲ. ಸಂಗೀತ ಸಭಾದವರು, ನಾಟಕ ಮಂಡಳಿಯವರು, ಕಲ್ಯಾಣ ಮಂಟಪದವರು ಕರೆದಾಗ ಹೋಗಿ ಮೂರನೆಯ ಸಾಲಿನಲ್ಲಿ ಕೂತು ಕೇಳುತ್ತೇನೆ, ಬರೆಯುತ್ತೇನೆ. ಶನಿವಾರದ ಪುರವಣಿಯಲ್ಲಿ ಬಂದದ್ದನ್ನು ಆ ದಿನ ಬೆಳಿಗ್ಗೆಯೇ ಹೋಗಿ ಓದಿ ಜಾಗ ಖಾಲಿ ಮಾಡಿಕೊಡುತ್ತೇನೆ. ಒಂದು ಸಲ ಜ್ವರ ಬಂದು ಮಲಗಿದಾಗ ಒಂದು ದುಃಖದ ನಾಟಕ ಹಾಗೇ ಉಳಿದುಬಿಟ್ಟಿತು. ಮಾರನೆಯ ವಾರ ಅದೇ ಮಂಟಪದಲ್ಲಿ ಮದುವೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ತಾಯಿಯೊಬ್ಬಳು ಮಗನ ಹೆಣದ ಮುಂದೆ ಅಳತೊಡಗಿದಳಂತೆ, ವಾಲಗದವರು ಉಸಿರು ಕಟ್ಟಿ ಊದಿ ಹೇಗೋ ಮುಚ್ಚಿಹಾಕಿದರಂತೆ. ಗಂಡ ಹೆಂಡತಿ ಚೆನ್ನಾಗಿಯೇ ಇದ್ದಾರೆ. ನನ್ನನ್ನು ಕಂಡರೆ ಮಾತ್ರ ರಸ್ತೆಯ ಆ ಬದಿಗೆ ಹೋಗುತ್ತಾರೆ.

ಈ ಕೆಲಸದಲ್ಲಿ ದಾಕ್ಷಿಣ್ಯ ನಡೆಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಮಾತ್ರ ದನಿ ಹೋಗುತ್ತದೆ. ಶುರುವಿನ ದಿನಗಳಲ್ಲಿ ಹಿರಿಯ ಗಾಯಕರೊಬ್ಬರ ತಾರಸ್ಥಾಯಿ ಬಿರಿದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಗಳಿ ಬರೆದಿದ್ದೆ. ಕಛೇರಿಯೆಲ್ಲ ಹೋಯಿತು, ಆ ಬಿರಿದ ಸ್ವರ ಒಂದೇ ಸಭಾಂಗಣದ ನಡುವೆ ಉಳಿಯಿತು. ಹತ್ತು ದಿನ ಊರವರೆಲ್ಲ ಹೋಗಿ ಕೇಳಿಬಂದರು. ಕೊನೆಗೆ ಅವರೇ ನನ್ನ ಮನೆಗೆ ಬಂದು, ದಯವಿಟ್ಟು ನಿಜ ಬರೆದುಬಿಡಿ ಎಂದು ಕೈಮುಗಿದರು. ಅಂದಿನಿಂದ ಯಾರ ಮುಲಾಜಿಗೂ ಬಿದ್ದಿಲ್ಲ ಎಂದುಕೊಂಡಿದ್ದೆ. ಅದು ಸುಳ್ಳು ಎಂದು ಗೊತ್ತಾಗಲು ತಗಡಿನ ಥೇಟರಿನ ಕಲ್ಮೇಶ ಬರಬೇಕಾಯಿತು.

ಕಲ್ಮೇಶ ಆ ಥೇಟರಿನ ಮ್ಯಾನೇಜರು. ನಲವತ್ತರ ಒಳಗಿನವನು, ಒಳ್ಳೆಯವನು, ಸದಾ ಕೊರಳಲ್ಲಿ ಟವೆಲ್ಲು. ಹೊಸ ಮಂಡಳಿಯೊಂದು ಅವನ ಥೇಟರಿನಲ್ಲಿ ಪೌರಾಣಿಕ ನಾಟಕ ಹೂಡಿತ್ತು. ಮೊದಲ ಪ್ರಯೋಗದಲ್ಲೇ ರಾಜನ ವೇಷದವನು ತುಂಬಿದ ಸಭೆಯಲ್ಲಿ ಮಂತ್ರಿಯ ಕಡೆ ತಿರುಗಿ, ‘ಏ ರತ್ನಾ, ನಿನ್ನ ತವರಿನವರು ಕೊಟ್ಟ ಕುಕ್ಕರ್ ಎಲ್ಲಿ?’ ಎಂದು ಕೇಳಿದ್ದ. ಜನ ಬಿದ್ದು ಬಿದ್ದು ನಕ್ಕರು. ರಾಜನ ತಪ್ಪೇನೂ ಇರಲಿಲ್ಲ, ಮಾತು ಮರೆತು ಒಂದು ಕ್ಷಣ ನಿಂತಿದ್ದ, ಪರದೆಯ ಮಗ್ಗುಲಿನಿಂದ ಯಾರೋ ಪಿಸುಮಾತಿನಲ್ಲಿ ಹೇಳಿಕೊಟ್ಟರು, ಅವನು ಹೇಳಿದ. ಹೇಳಿಕೊಟ್ಟವರು ದುಂಡಪ್ಪ ಮಾಸ್ತರು. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು.

ದುಂಡಪ್ಪ ಮಾಸ್ತರು ಆ ಥೇಟರಿನ ಪ್ರಾಂಪ್ಟರು. ಮೂವತ್ತೆರಡು ವರ್ಷ ರಂಗದ ಬಲಮಗ್ಗುಲಲ್ಲಿ, ಪರದೆಯ ಮರೆಯಲ್ಲಿ, ಒಂದು ಗಿಡ್ಡ ಸ್ಟೂಲಿನ ಮೇಲೆ ನಾಟಕದ ಪ್ರತಿ ಹಿಡಿದು ಕೂತವರು. ನಟರಿಗಿಂತ ಅರ್ಧ ಸಾಲು ಮುಂದೆ ಓದುತ್ತ ಹೋಗುವುದು, ಯಾರಾದರೂ ತಡವರಿಸಿದರೆ ಎತ್ತಿಕೊಡುವುದು ಅವರ ಕೆಲಸ. ನಾಟಕಗಳನ್ನೆಲ್ಲ ನನಗಿಂತ ಹಿಂದಿನವರೂ ಆಮೇಲೆ ನಾನೂ ಬರೆದು ಕಳಿಸಿದ್ದೆವು. ನಟರ ಮಾತು, ಹಾರ್ಮೋನಿಯಂ ಪೆಟ್ಟಿಗೆಯ ಸ್ವರ, ತಬಲಾ, ಕೊನೆಗೆ ತಗಡು ಅಲುಗಿಸಿ ಎಬ್ಬಿಸಿದ ಗುಡುಗು, ಎಲ್ಲವೂ ಹೋಗಿದ್ದವು. ಆದರೆ ಪ್ರಾಂಪ್ಟರನ ಬಗ್ಗೆ ವಿಮರ್ಶೆಯಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಅವನ ದನಿ ಕೇಳಿಸಿತು ಎಂದು ಬರೆದರೆ ನಟನಿಗೂ ಅವಮಾನ, ಅವನಿಗೂ ಅವಮಾನ. ನನಗಿಂತ ಹಿಂದಿನವರು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹಾಗಾಗಿ ಮೂವತ್ತೆರಡು ವರ್ಷದ ಪಿಸುಮಾತು ಪರದೆಯ ಮಗ್ಗುಲಲ್ಲಿ ಒಂದರ ಮೇಲೊಂದು ಕೂತಿತ್ತು. ಅವರಿರುವಾಗ ಅದರ ನಡುವೆಯೇ ಈ ಹೊತ್ತಿನ ಸಾಲನ್ನು ಸರಿಯಾಗಿ ದಾಟಿಸುತ್ತಿದ್ದರು. ಅವರು ಹೋದ ಮೇಲೆ ಹಳೆಯದು ಮಾತ್ರ ಉಳಿಯಿತು.

“ಒಂದು ಲೇಖನ ಬರದುಬಿಡ್ರಿ ನೀಲಕ್ಕಾರ. ಅವರಿಗೂ ಒಂದು ಗೌರವ ಆಗ್ತದ, ನನ್ನ ಥೇಟರೂ ಖಾಲಿ ಆಗ್ತದ” ಎಂದ ಕಲ್ಮೇಶ. ನನಗೆ ಇದು ಸುಲಭದ ಕೆಲಸ ಎನಿಸಿತು. ಆಗಲಿ ಎಂದೆ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಥೇಟರಿಗೆ ಹೋದೆ. ಬಾಗಿಲು ತೆರೆದಿತ್ತು. ರಂಗ ಹತ್ತಿ ಬಲಮಗ್ಗುಲಿಗೆ ಹೋದರೆ, ಮಾಸ್ತರರ ಸ್ಟೂಲಿನ ಮೇಲೆ ಅರವತ್ತೈದು ದಾಟಿದ ಹೆಂಗಸೊಬ್ಬರು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದರು. ಅವರ ಸುತ್ತ ಪಿಸುಮಾತು. ಒಂದೊಂದನ್ನೇ ಹಿಡಿದು ಕೇಳಿದರೆ ಮಾತು ಸ್ಪಷ್ಟವಾಗಿತ್ತು. ‘ಕೋಟೆಯ ಬಾಗಿಲು ಮುರಿದಿದೆ ಪ್ರಭು’, ‘ಸಾಲಗಾರ ಬಂದಾನ, ನಾ ಇಲ್ಲ ಅನ್ನು’, ‘ನಿನ್ನ ಬಿಟ್ಟು ನನಗ ಇನ್ಯಾರದಾರ ಹೇಳು’. ಎಲ್ಲವೂ ಒಂದೇ ದನಿ, ಒಂದೇ ಹದ. ರಾಜನಿಗೂ ಭಿಕ್ಷುಕನಿಗೂ ಅವರು ಬೇರೆ ಬೇರೆ ರೀತಿ ಓದಿರಲಿಲ್ಲ.

ಆಕೆ ಮಾಸ್ತರರ ಹೆಂಡತಿ ಸಾವಂತ್ರವ್ವ. ಎಂಟು ತಿಂಗಳಿಂದ ದಿನವೂ ಬೆಳಿಗ್ಗೆ ಬಂದು ಎರಡು ತಾಸು ಕೂತು ಹೋಗುತ್ತಾರಂತೆ. ಕಲ್ಮೇಶ ಇದನ್ನು ನನಗೆ ಹೇಳಿರಲಿಲ್ಲ. ಹೇಳಲು ಅವನಿಗೆ ಬಾಯಿ ಬಂದಿರಲಿಕ್ಕಿಲ್ಲ. ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿಯೇ ಆಕೆಗೆ ಎಲ್ಲ ತಿಳಿದುಹೋಯಿತು.

“ಬರಿಯಾಕ ಬಂದೀಯೇನ ತಂಗಿ?”

ಹೌದು ಎಂದೆ. ಆಕೆ ಸ್ವಲ್ಪ ಸರಿದು ಸ್ಟೂಲಿನ ಪಕ್ಕದ ನೆಲ ತೋರಿಸಿದರು. ಕೂತೆ. ಆಮೇಲೆ ತಾವಾಗಿಯೇ ಹೇಳಿದರು. ಮಾಸ್ತರು ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲವಂತೆ. ಆಡಿದರೂ ಇದೇ ಪಿಸುದನಿ, ಒಲೆಯ ಸದ್ದಿನಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ. ಗಟ್ಟಿಯಾಗಿ ಮಾತಾಡಿ ಎಂದು ಈಕೆ ನಲವತ್ತು ವರ್ಷ ಜಗಳ ಮಾಡಿದ್ದರು. ನಾಟಕಕ್ಕೆ ಬಂದರೆ ಹೆಂಗಸರ ಕಡೆ ಕೂತು ನಟರನ್ನು ಕೇಳಿಹೋಗುತ್ತಿದ್ದರೇ ಹೊರತು ಗಂಡನ ದನಿ ಅಷ್ಟು ದೂರ ಬರುತ್ತಿರಲಿಲ್ಲ. ಮಾಸ್ತರು ಹೋದ ಮೇಲೆ, ಅವರ ಚೀಲ, ಕನ್ನಡಕ ಒಯ್ಯಲು ಬಂದ ದಿನ, ಮೊದಲ ಸಲ ಈ ಜಾಗದಲ್ಲಿ ನಿಂತು ಕೇಳಿದ್ದು.

“ಇವು ನಾಟಕದ ಮಾತು ಅಂತ ನನಗೂ ಗೊತ್ತೈತಿ. ನನಗ ಹೇಳಿದ್ದಲ್ಲ. ಆದ್ರ ದನಿ ಅವರದ ಅಲ್ಲೇನು?” ಎಂದರು. “ಮನ್ಯಾಗ ಆಡಿದ್ದೆಲ್ಲಾ ಹೋಗ್ಯಾವು. ಉಳದದ್ದು ಇದೊಂದ. ಬರಿಬ್ಯಾಡ ತಂಗಿ.”

ಮನೆಗೆ ಬಂದು ಎರಡು ದಿನ ಏನೂ ಬರೆಯಲಿಲ್ಲ. ಬರೆಯದಿದ್ದರೆ ಕಲ್ಮೇಶನ ಹೊಟ್ಟೆಗೆ ಹೊಡೆದಂತೆ, ಬರೆದರೆ ಆ ಹೆಂಗಸಿನ ಕೊನೆಯದ್ದನ್ನು ಕಸಿದಂತೆ. ಮೂರನೆಯ ದಿನ ನನಗೊಂದು ಉಪಾಯ ಹೊಳೆಯಿತು. ಉಪಾಯವೆಂದರೆ ಕುತಂತ್ರವೇ, ಬೇರೆ ಹೆಸರು ಬೇಡ. ಇದ್ದದ್ದನ್ನು ಬಿಟ್ಟು ಬರೆದರೆ ದನಿ ಹೋಗುವುದಿಲ್ಲವಲ್ಲ? ಹಾಗಾದರೆ ಬರೇ ಹೊಗಳಿ ಬರೆದುಬಿಡುವುದು. ಮಾಸ್ತರರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಸಾವಂತ್ರವ್ವನ ದನಿಯೂ ಉಳಿಯುತ್ತದೆ. ಕಲ್ಮೇಶನಿಗೆ ನನ್ನಿಂದಾಗಲಿಲ್ಲ ಎಂದರಾಯಿತು.

‘ರಂಗದ ಮರೆಯ ಮಹಾಚೇತನ’ ಎಂದು ತಲೆಬರಹ ಕೊಟ್ಟೆ. ದುಂಡಪ್ಪ ಮಾಸ್ತರರು ಕಲಾಸರಸ್ವತಿಯ ವರಪುತ್ರರು, ನಿಸ್ವಾರ್ಥ ಸೇವೆಯ ಸಾಕಾರಮೂರ್ತಿ, ನಾಡಿಗೆ ತುಂಬಲಾರದ ನಷ್ಟ. ಕೈ ತಾನಾಗಿಯೇ ಓಡಿತು. ಇಪ್ಪತ್ತೊಂದು ವರ್ಷದಲ್ಲಿ ಅಷ್ಟು ಸಲೀಸಾಗಿ ನಾನು ಏನನ್ನೂ ಬರೆದಿರಲಿಲ್ಲ. ಸಂಪಾದಕರು ಫೋನು ಮಾಡಿ ಶೈಲಿ ಬಹಳ ಚೆನ್ನಾಗಿದೆ ಎಂದರು.

ಶನಿವಾರ ಥೇಟರಿನಲ್ಲಿ ನಿಂತು ಓದಿದೆ. ಒಂದು ಪಿಸುಮಾತೂ ಅಲುಗಲಿಲ್ಲ. ಕಲ್ಮೇಶ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಆ ಮಗ್ಗುಲಿಗೆ ದಪ್ಪ ಕಂಬಳಿ ಹೊದಿಸಿ, ನಟರಿಗೆ ಎಡಗಡೆಯಿಂದ ಹೇಳಿಕೊಡುವ ವ್ಯವಸ್ಥೆ ಮಾಡಿ ಹೇಗೋ ನಡೆಸುತ್ತೇನೆ ಬಿಡಿ ಎಂದ. ನನಗೆ ಎದೆಯ ಭಾರ ಇಳಿಯಿತು. ಎಲ್ಲರಿಗೂ ಒಳ್ಳೆಯದೇ ಆಯಿತೆಂದು ಸಾವಂತ್ರವ್ವನ ಕಡೆ ನೋಡಿದೆ. ಆಕೆಯ ಮುಖದಲ್ಲಿ ಸಂತೋಷವಿರಲಿಲ್ಲ. ಓದು ಬಾರದ ಹೆಂಗಸು, ಕೈಚಾಚಿ ಪತ್ರಿಕೆ ತೆಗೆದುಕೊಂಡು ನಾನು ಓದಿದ ಜಾಗವನ್ನು ನೋಡುತ್ತ ನಿಂತರು.

“ಯಾರ ಬಗ್ಗೆ ಬರದೀ ಇದನ್ನ?” ಎಂದು ಕೇಳಿದರು.

ಅವರ ಬಗ್ಗೆಯೇ ಎಂದೆ. ಹೆಸರು ಅಚ್ಚಾದ ಕಡೆ ಬೆರಳಿಟ್ಟು ತೋರಿಸಿದೆ.

“ಹೆಸರು ಐತಿ. ಅವರೆಲ್ಲಿ ಅದಾರ ಇದರಾಗ?”

ಬೇರೆ ಯಾರದೋ ಫೋಟೋಕ್ಕೆ ಹಾರ ಹಾಕಿ ಬಂದವಳ ಹಾಗೆ ನಿಂತಿದ್ದೆ. ಕೊನೆಗೆ ನಿಜ ಹೇಳಿದೆ. ದನಿ ಉಳಿಯಲಿ ಎಂದೇ ಹೀಗೆ ಬರೆದೆ, ಸರಿಯಾಗಿ ಬರೆದರೆ ಇದೆಲ್ಲ ಹೋಗುತ್ತದೆ ಅವ್ವಾರ, ನೀವೇ ಬೇಡ ಅಂದಿರಲ್ಲ ಎಂದೆ. ಆಕೆ ಸ್ಟೂಲಿನ ಮೇಲೆ ಕೂತು ಪತ್ರಿಕೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ. ಪ್ರತಿ ಶನಿವಾರ ಮಾಸ್ತರು ಚಹಾ ಅಂಗಡಿಯಿಂದ ಪುರವಣಿ ಕೇಳಿ ತರುತ್ತಿದ್ದರಂತೆ. ನನ್ನ ವಿಮರ್ಶೆಯ ಮೇಲೆ ತೋರುಬೆರಳಿಟ್ಟು, ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಇಳಿಸುತ್ತ ಹೋಗುತ್ತಿದ್ದರಂತೆ. ಕೊನೆಯ ಸಾಲಿನ ಕೊನೆಗೆ ಬೆರಳು ಬಂದ ಮೇಲೆ ಒಂದು ಗಳಿಗೆ ಹಾಗೇ ಇಟ್ಟು, ಮಡಿಸಿ ಎತ್ತಿಡುತ್ತಿದ್ದರಂತೆ. ಏನು ಹುಡುಕುತ್ತೀರಿ ಎಂದರೆ, ಆ ಬರೆಯುವ ಬಾಯಾರು ಬಹಳ ಕಾಗುಣಿತ ತಪ್ಪು ಮಾಡುತ್ತಾರೆ, ಅದನ್ನು ನೋಡುತ್ತೇನೆ ಎನ್ನುತ್ತಿದ್ದರಂತೆ.

“ದನಿ ನನಗ ಬೇಕು. ಅವರಿಗೆ ಬೇಕಾಗಿದ್ದು ಬ್ಯಾರೆ” ಎಂದರು ಸಾವಂತ್ರವ್ವ. “ಖರೇ ಬರಿ.”

“ಹೋಗ್ತದ ಅವ್ವಾರ. ಮತ್ತ ಬರೂದಿಲ್ಲ.”

“ಹೋಗ್ಲಿ. ಎಂಟು ತಿಂಗಳು ನಾ ಕೇಳೀನಿ. ಅವರು ಮೂವತ್ತು ವರ್ಷ ಕಾದಾರ.”

ಆ ವಾರವೆಲ್ಲ ಮಧ್ಯಾಹ್ನದ ಹೊತ್ತು ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ. ನನ್ನ ವಿಮರ್ಶೆಗಳೆಲ್ಲ ಒಂದು ಟ್ರಂಕಿನಲ್ಲಿದ್ದವು. ಕಾಗುಣಿತ ತಪ್ಪಿದ ಕಡೆ ನಿಜಕ್ಕೂ ಕೆಂಪು ಗೆರೆ ಎಳೆದಿದ್ದರು, ಅವೇನೂ ಕಡಿಮೆ ಇರಲಿಲ್ಲ. ಸಾವಂತ್ರವ್ವ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಕೇಳದ್ದನ್ನೂ ಹೇಳಿದರು. ನಟ ಮಾತು ಮರೆತು ನಿಂತಿದ್ದಾನೋ, ಭಾವಕ್ಕಾಗಿ ಬೇಕೆಂದೇ ನಿಂತಿದ್ದಾನೋ ಎಂದು ಮಾಸ್ತರು ಅವನ ಕಾಲು ನೋಡಿ ಹೇಳುತ್ತಿದ್ದರಂತೆ. ಮರೆತವನ ಹೆಬ್ಬೆರಳು ನೆಲವನ್ನು ಒತ್ತುತ್ತದೆ. ಒತ್ತಿದರೆ ಮಾತ್ರ ಹೇಳಿಕೊಡುವುದು, ಇಲ್ಲದಿದ್ದರೆ ಬಾಯಿ ಮುಚ್ಚಿ ಕೂರುವುದು. ಒಮ್ಮೆ ಒಬ್ಬ ದೊಡ್ಡ ನಾಯಕನಟ ಇವರನ್ನು ಎಲ್ಲರ ಎದುರು ‘ಏ ಬುಕ್ಕಿನವನೇ’ ಎಂದು ಕರೆದಿದ್ದ. ಅಂದಿನ ನಾಟಕದಲ್ಲಿ ಅವನ ಹೆಬ್ಬೆರಳು ನೆಲ ಒತ್ತಿದಾಗ ಮಾಸ್ತರು ನಿಧಾನವಾಗಿ ಮೂರು ಸಲ ಉಸಿರಾಡಿ, ಆಮೇಲೆ ಸಾಲು ಕೊಟ್ಟಿದ್ದರು. ಅಷ್ಟರಲ್ಲಿ ಅವನು ಬೆವರಿ ಬಣ್ಣ ಇಳಿದಿತ್ತು. ಇದನ್ನು ಬರೆಯಲೋ ಬೇಡವೋ ಎಂದು ಕೇಳಿದೆ. ಬರಿ, ಅದೂ ಅವರೇ ಎಂದರು. ಹೇಳುವಾಗ ಆಕೆ ಮೊದಲ ಸಲ ನಕ್ಕದ್ದನ್ನು ನೋಡಿದೆ.

ಉಳಿದದ್ದನ್ನು ನಾನೇ ಬರೆಯಬೇಕಾಗಿತ್ತು. ಎಷ್ಟೋ ವರ್ಷ ಮೂರನೆಯ ಸಾಲಿನಲ್ಲಿ ಕೂತವಳಿಗೆ ಆ ದನಿ ಚೆನ್ನಾಗಿಯೇ ಕೇಳಿಸುತ್ತಿತ್ತು. ನಟರಿಗಿಂತ ಮೊದಲು ಕೇಳಿಸುತ್ತಿತ್ತು. ಎಷ್ಟೋ ಸಲ ನಟ ಹಾಳು ಮಾಡಿದ ಸಾಲು ಆ ಪಿಸುದನಿಯಲ್ಲಿಯೇ ಸರಿಯಾಗಿ ಕೇಳಿಸಿ, ವಿಮರ್ಶೆಯಲ್ಲಿ ನಾನು ಮೆಚ್ಚಿ ಬರೆದದ್ದು ಅದನ್ನೇ. ಹೆಸರು ಮಾತ್ರ ನಟನದ್ದು ಹಾಕಿದೆ. ಪದ್ಧತಿ ಎಂದುಕೊಂಡೆ. ಪದ್ಧತಿಯೂ ಒಂದು ದಾಕ್ಷಿಣ್ಯವೇ ಎಂದು ಹೊಳೆಯಲಿಲ್ಲ. ಇದನ್ನು ಬರೆಯುವಾಗ ಕೈ ಓಡಲಿಲ್ಲ, ಒಂದೊಂದು ಸಾಲಿಗೂ ನಿಂತು ನಿಂತು ಬರೆದೆ. ನಾಚಿಕೆಯಾಯಿತು, ಆ ನಾಚಿಕೆಯನ್ನೂ ಬರೆದೆ. ಲೇಖನದಲ್ಲಿ ಬೇರೆ ಎಲ್ಲಿಯೂ ಮಾಸ್ತರರ ಹೆಸರು ಹಾಕದೆ, ಆ ಬೆರಳು ಇಳಿದು ಇಳಿದು ಕೊನೆಗೆ ನಿಲ್ಲುತ್ತಿದ್ದ ಜಾಗದಲ್ಲಿ, ಕೊನೆಯ ಸಾಲಿನ ಕೊನೆಗೆ ಹಾಕಿದೆ.

ಅಚ್ಚಿಗೆ ಕೊಡುವ ಮೊದಲು ಸಾವಂತ್ರವ್ವನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಮತ್ತೊಮ್ಮೆ ಎಂದರು. ಮೂರನೆಯ ಸಲ ಓದುವಾಗ ಕಣ್ಣುಮುಚ್ಚಿ ಕೂತಿದ್ದರು, ತುಟಿ ಸಣ್ಣಗೆ ಅಲುಗುತ್ತಿತ್ತು. ಒಂದು ಕಡೆ ಮಾತ್ರ ತಡೆದು, ಚಹಾ ಅಂಗಡಿಯಿಂದ ಪುರವಣಿ ತರುತ್ತಿದ್ದರು ಅಂತ ಬರೆಯಬೇಡ, ಕೇಳದೆ ತಂದಂತಾಗುತ್ತದೆ, ಕೇಳಿ ತರುತ್ತಿದ್ದರು ಅಂತ ಬರಿ ಎಂದರು. ತಿದ್ದಿದೆ.

ಶನಿವಾರ ಬೆಳಿಗ್ಗೆ ಥೇಟರಿನಲ್ಲಿ ಮೂರೇ ಜನ ಇದ್ದೆವು. ಕಲ್ಮೇಶ ಕಂಬಳಿ ತೆಗೆಸಿ, ಟವೆಲ್ಲು ಮಡಿಸಿ ಕೈಯಲ್ಲಿ ಹಿಡಿದು ಕೆಳಗೆ ನಿಂತಿದ್ದ. ಸಾವಂತ್ರವ್ವ ಸ್ಟೂಲಿನ ಮೇಲೆ ಕೂತರು. ನಾನು ರಂಗದ ಮೇಲೆ ನಿಂತು ಪತ್ರಿಕೆ ಬಿಡಿಸಿ ಓದತೊಡಗಿದೆ. ಮೊದಲ ಪ್ಯಾರಾ ಮುಗಿಯುವ ಹೊತ್ತಿಗೆ ರಾಜರು ಹೋದರು. ಕೋಟೆ, ಯುದ್ಧ, ಶಾಪ ಎಲ್ಲ ಹೋದವು. ಹೆಬ್ಬೆರಳಿನ ಸಂಗತಿ ಓದಿದಾಗ ಸಂಸಾರದ ನಾಟಕಗಳ ಜಗಳ, ಕುಡುಕರ ಹಾಸ್ಯ ಹೋದವು. ನನ್ನ ತಪ್ಪನ್ನು ಓದಿದಾಗ ಬಹಳಷ್ಟು ಒಟ್ಟಿಗೇ ಹೋಯಿತು. ಮುಂದಕ್ಕೆ ಓದುತ್ತಿದ್ದಂತೆ ಥೇಟರು ಎಷ್ಟು ದೊಡ್ಡದೆಂದು ಗೊತ್ತಾಗತೊಡಗಿತು.

ಕೊನೆಯ ಸಾಲಿಗೆ ಬಂದಾಗ ಒಂದೇ ಒಂದು ಪಿಸುಮಾತು ಉಳಿದಿತ್ತು. ‘ನಿನ್ನ ಬಿಟ್ಟು ನನಗ ಇನ್ಯಾರದಾರ ಹೇಳು.’ ಅದು ಸ್ಟೂಲಿನ ಹತ್ತಿರವೇ ಇತ್ತು. ಸಾವಂತ್ರವ್ವ ತಲೆಯನ್ನು ಸ್ವಲ್ಪ ಆ ಕಡೆ ವಾಲಿಸಿ ಕೇಳುತ್ತಿದ್ದರು. ಅದು ಒಮ್ಮೆ ಮುಗಿದು ಮತ್ತೆ ಶುರುವಾಯಿತು.

ನಾನು ಓದಿದೆ: “ಪ್ರತಿ ಶನಿವಾರ ಈ ಅಂಕಣದ ಕೊನೆಯವರೆಗೂ ಬೆರಳಿಟ್ಟು ಹುಡುಕಿದವರ ಹೆಸರು—”

ಅಲ್ಲಿಗೆ ನಿಂತೆ. ಮುಂದೆ ಎರಡೇ ಶಬ್ದ. ಕಣ್ಣಿನ ಮುಂದೆಯೇ ಇದ್ದವು, ಹೇಳಲು ಆಗಲಿಲ್ಲ. ಅದನ್ನು ಹೇಳುವವಳು ನಾನಾಗಬಾರದು ಎನಿಸಿತ್ತು. ಕೆಳಗೆ ಕಲ್ಮೇಶ ತಲೆತಗ್ಗಿಸಿದ. ಪಿಸುಮಾತು ಇನ್ನೊಮ್ಮೆ ಬಂದು ಮುಗಿಯಿತು, ಮತ್ತೊಮ್ಮೆ ಬಂದು ಮುಗಿಯಿತು.

ಸಾವಂತ್ರವ್ವ ಗಂಡನ ಹೆಸರನ್ನು ಬಾಯಿಂದ ಹೇಳದ ಕಾಲದ ಹೆಂಗಸು. ಮದುವೆಯ ದಿನ ಎಲ್ಲರೂ ಸುತ್ತುಗಟ್ಟಿ ಪೀಡಿಸಿದಾಗ ಕೂಡ ಹೇಳಿರಲಿಲ್ಲವಂತೆ. ಆಕೆ ಸ್ಟೂಲಿನಿಂದ ಏಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಸೆರಗಿನ ಮರೆಯಿಂದ, ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದರು.

“ದುಂಡಪ್ಪ ಮೇಟಿ.”

ಅವರು ಹೇಳಿಕೊಟ್ಟರು, ನಾನು ಗಟ್ಟಿಯಾಗಿ ಹೇಳಿದೆ.